ನಗರಸಭೆಗೆ ನಾನು ಕೊಟ್ಟ ಸಾಲ

ಬೇರೆಯವರ ಗಂಡಂದಿರು ಆಫೀಸಿನಿಂದ ಮನೆಗೆ ಪೆನ್ನು, ಬಿಳಿ ಹಾಳೆ, ಹೆಚ್ಚೆಂದರೆ ಮೇಲಧಿಕಾರಿಯ ಮೇಲಿನ ಸಿಟ್ಟು ತರುತ್ತಾರೆ. ನಮ್ಮವರು ಒಂದು ಸಂಜೆ ಊಟದ ಡಬ್ಬಿಯಲ್ಲಿ ಗೊಬ್ಬರ ತಂದರು. ಬೆಳಿಗ್ಗೆ ನಾನು ಚಿತ್ರಾನ್ನ ತುಂಬಿ ಕಳಿಸಿದ್ದ ಡಬ್ಬಿ. ತೊಳೆಯೋಣವೆಂದು ಮುಚ್ಚಳ ತೆಗೆದರೆ ಒಳಗೆ ಕಪ್ಪಗೆ, ಪುಡಿಪುಡಿಯಾಗಿ ಏನೋ ಇದೆ. ನಾನು ಹೌಹಾರಿದ್ದನ್ನು ಅವರು ಸಂತೋಷವೆಂದು ತಿಳಿದರು. “ಮೂಸಿ ನೋಡು ಸರೋಜಾ, ಸ್ವಲ್ಪಾನಾದ್ರೂ ನಾತ ಇದ್ಯಾ?” ಎಂದು ಡಬ್ಬಿಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. ನಾತವೇನೂ ಇರಲಿಲ್ಲ ನಿಜ. ಆದರೆ ಗಂಡನಾದವನು ಹೆಂಡತಿಯ ಮೂಗಿನ ಬಳಿ ಏನನ್ನಾದರೂ ಹಿಡಿಯುವುದಾದರೆ ಅದು ಮಲ್ಲಿಗೆಯಾಗಿದ್ದರೆ ಚೆನ್ನ ಎನ್ನುವಷ್ಟು ಆಸೆ ನನಗೂ ಇತ್ತು. ಆ ಡಬ್ಬಿಯನ್ನು ನಾನು ಮತ್ತೆ ಊಟಕ್ಕೆ ಬಳಸಲಿಲ್ಲ. ಅವರಿಗೆ ಅದೇ ಬೇಕಾಗಿತ್ತೆಂದು ಕಾಣುತ್ತದೆ. ಅಂದಿನಿಂದ ಕಾಲನಿಯ ಮನೆಮನೆಗೂ ಆ ಡಬ್ಬಿ ಹಿಡಿದುಕೊಂಡು ಹೋಗಿ ಎಲ್ಲರಿಂದಲೂ ಮೂಸಿಸಿದರು.

ತೊಂಬತ್ತರ ದಶಕದ ಕೊನೆಯ ಮಾತು ಇದು. ನಮ್ಮ ಮನೆ ಕೆ.ಆರ್. ಪುರದ ಕಡೆ, ವಿಮಾ ನೌಕರರ ಕಾಲನಿಯಲ್ಲಿ. ನಾನು ಇಂದಿರಾನಗರದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ನಮ್ಮವರು, ಅಂದರೆ ಮೂರ್ತಿ, ಬೆಂಗಳೂರಿನ ಪೂರ್ವದ ಅಂಚಿನಲ್ಲಿದ್ದ ಒಂದು ನಗರಸಭೆಯಲ್ಲಿ ಆರೋಗ್ಯ ನಿರೀಕ್ಷಕರು. ಯಾವ ನಗರಸಭೆ ಎಂದು ಹೇಳುವುದಿಲ್ಲ; ಸತ್ತವರ ಹೆಸರೆತ್ತಿ ದೂರುವುದು ನನಗೆ ಇಷ್ಟವಿಲ್ಲ. ಆರೋಗ್ಯ ನಿರೀಕ್ಷಕರೆಂದರೆ ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ ಎಂದು ತಿಳಿದ ನಮ್ಮ ಕಾಲನಿಯವರು ಅವರ ಹತ್ತಿರ ರಕ್ತದೊತ್ತಡ, ಮಂಡಿನೋವುಗಳ ಬಗ್ಗೆ ಸಲಹೆ ಕೇಳುತ್ತಿದ್ದರು. ವಾಸ್ತವದಲ್ಲಿ ಅವರು ನಿರೀಕ್ಷಿಸುತ್ತಿದ್ದುದು ಕಸದ ಲಾರಿಗಳನ್ನು. ಅಲ್ಲಿಯವರೆಗೆ ಊರ ಕಸವೆಲ್ಲ ಕೆರೆಗೆ ಹೋಗುತ್ತಿತ್ತು. ಕೆರೆ ಏರಿಯ ಪಕ್ಕ ನಗರಸಭೆಗೆ ಸೇರಿದ ಬೀಳು ಜಾಗವೊಂದಿತ್ತು. ನಮ್ಮವರು ಅಲ್ಲಿ ತಗಡಿನ ಚಪ್ಪರ ಹಾಕಿಸಿ, ಹೋಟೆಲುಗಳ ಎಂಜಲು, ಮಾರ್ಕೆಟ್ಟಿನ ಕೊಳೆತ ತರಕಾರಿಗಳನ್ನು ತರಿಸಿ, ರಾಶಿ ಹಾಕಿಸಿ, ಆಗಾಗ ಮಗುಚಿಸಿ, ಜರಡಿ ಹಿಡಿಸಿ ಗೊಬ್ಬರ ಮಾಡಿಸತೊಡಗಿದರು. ಹೊಸಕೋಟೆ ಕಡೆಯ ದ್ರಾಕ್ಷಿ ತೋಟದವರು ಟ್ರ್ಯಾಕ್ಟರ್ ತಂದು ಕೊಂಡೊಯ್ಯುತ್ತಿದ್ದರು. ಆ ಹಣದಲ್ಲಿ ಕೂಲಿ ಹೋಗಿ ಇಷ್ಟಿಷ್ಟು ಉಳಿಯುತ್ತಲೂ ಇತ್ತು. ಕೆರೆಯ ನೀರು ಸ್ವಲ್ಪ ತಿಳಿಯಾಯಿತು. ಬೆಳ್ಳಕ್ಕಿಗಳು ಬಂದು ಕೂತವು. ನಮ್ಮವರು ಅವುಗಳನ್ನು ತಾವೇ ಆಹ್ವಾನಪತ್ರಿಕೆ ಕೊಟ್ಟು ಕರೆಸಿದವರಂತೆ ಓಡಾಡಿದರು.

ಆ ಕೆಲಸಕ್ಕೆ ಬಂದವರು ಹೆಚ್ಚಾಗಿ ಯಾದಗಿರಿ, ಲಿಂಗಸುಗೂರು ಕಡೆಯ ಹೆಂಗಸರು. ಗಂಡಂದಿರ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದು, ಮಹದೇವಪುರದ ಕಡೆ ಒಂದೊಂದು ಕೋಣೆ ಬಾಡಿಗೆಗೆ ಹಿಡಿದಿದ್ದವರು. ಅವರಿಗೆಲ್ಲ ಮೇಸ್ತ್ರಿಯಂತೆ ಇದ್ದವಳು ಶರಣಮ್ಮ. ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತಿದ್ದ. ಮಗಳನ್ನು ಊರಲ್ಲಿ ತಾಯಿಯ ಬಳಿ ಬಿಟ್ಟು ಇಲ್ಲಿ ದುಡಿಯುತ್ತಿದ್ದಳು. ನಮ್ಮವರ ಬಾಯಲ್ಲಿ ದಿನವೂ ಅವಳ ಮಾತೇ. ರಾಶಿಯ ಬಿಸಿ ಕಡಿಮೆಯಾದರೆ ಶರಣಮ್ಮ ಹೀಗೆ ಮಾಡಿದಳು, ಜರಡಿ ಹರಿದಾಗ ಶರಣಮ್ಮ ಹಾಗೆ ಹೊಲಿದಳು. ಬೇರೆ ಹೆಂಗಸಿನ ಬಗ್ಗೆ ಗಂಡ ಇಷ್ಟು ಹೊಗಳಿದರೆ ಹೆಂಡತಿಗೆ ಹೊಟ್ಟೆಕಿಚ್ಚಾಗಬೇಕು. ಆದರೆ ವಿಷಯ ಕೊಳೆತ ಕೋಸಿನದಾದ್ದರಿಂದ ನನಗೆ ಅದಕ್ಕೂ ಆಸ್ಪದವಿರಲಿಲ್ಲ. ನಮ್ಮ ಅಡುಗೆಮನೆಗೆ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಎಂದು ಎರಡು ಬಕೆಟ್ ಬಂದವು. ನೆಂಟರು ಬಾಳೆಹಣ್ಣು ತಿಂದು ಸಿಪ್ಪೆಯನ್ನು ಯಾವುದಕ್ಕೆ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಕೂರುತ್ತಿದ್ದರು. ಕೆಲವರು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಊರಿಗೇ ಒಯ್ದರೆಂದು ನನಗೆ ಗುಮಾನಿ.

ಈ ನಡುವೆ ನಗರಸಭೆಯ ಅಧ್ಯಕ್ಷರಿಗೆ ಊರಿಗೊಂದು ವಾಣಿಜ್ಯ ಸಂಕೀರ್ಣ ಬೇಕು ಅನ್ನಿಸಿತು. ಮಳಿಗೆಗಳ ಬಾಡಿಗೆಯಿಂದ ಊರು ಉದ್ಧಾರವಾಗುತ್ತದೆ ಎಂದು ಲೆಕ್ಕ. ದೊಡ್ಡ ಸಾಲ ಎತ್ತಿದರು, ಸರ್ಕಾರ ಜಾಮೀನು ನಿಂತಿತು. ಕಟ್ಟಡ ಎದ್ದಿತು, ಅದರಲ್ಲಿ ಲಿಫ್ಟ್ ಕೂಡ ಇತ್ತು. ನಮ್ಮ ಕಡೆಯವರು ಮೊದಮೊದಲು ಮಕ್ಕಳನ್ನು ಕರೆದುಕೊಂಡು ಹೋಗಿ ಮೇಲೆ ಕೆಳಗೆ ಓಡಾಡಿ ಬಂದರು. ಮಳಿಗೆಗೆ ಮಾತ್ರ ಯಾರೂ ಬರಲಿಲ್ಲ. ಸೊಪ್ಪಿನವರು, ಹೂವಿನವರು, ಚಪ್ಪಲಿ ಹೊಲಿಯುವವರು ಎಲ್ಲರೂ ಅದರ ಮುಂದಿನ ಫುಟ್‌ಪಾತಿನಲ್ಲೇ ಕೂತು, ಬಿಸಿಲಿಗೆ ಸಂಕೀರ್ಣದ ನೆರಳನ್ನು ಪುಕ್ಕಟೆಯಾಗಿ ಬಳಸಿಕೊಂಡರು. ಬಾಡಿಗೆ ಬರದಿದ್ದರೂ ಕಂತು ನಿಲ್ಲಲಿಲ್ಲ. ಸರ್ಕಾರದ ಅನುದಾನದಲ್ಲಿ ಮೊದಲೇ ಕಂತು ಮುರಿದುಕೊಂಡು ಮಿಕ್ಕದ್ದನ್ನು ಕಳಿಸುತ್ತಿದ್ದರು. ಅದೂ ಸಾಲದೆ, ನಗರಸಭೆಯ ಖಾತೆಗೆ ಎಲ್ಲಿಂದ ಹಣ ಬಂದರೂ ಮೊದಲ ಹಕ್ಕು ಸಾಲ ಕೊಟ್ಟವರದು ಎಂದು ಒಪ್ಪಂದವಾಗಿತ್ತು. ಆಫೀಸಿನ ಫೋನು ಸತ್ತಿತು. ಬೀದಿದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ನಮ್ಮವರ ಸಂಬಳ ಒಂದು ತಿಂಗಳು ಬಂದು ಎರಡು ತಿಂಗಳು ಬರದೆ, ಮನೆಗೆ ರೇಷನ್ ಅಕ್ಕಿಯೂ ನನ್ನ ಸಂಬಳವೂ ಆಧಾರವಾದವು.

ಒಂದು ಭಾನುವಾರ ಶರಣಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರದೆ ಬಾಗಿಲಲ್ಲೇ ನಿಂತಳು. “ಪಗಾರ ಆಗಿಲ್ರಿ ಅಕ್ಕಾರ. ಸಾಹೇಬ್ರ ಮುಂದ ಹೇಳಾಕ ಮನಸ್ಸಾಗವಲ್ದು. ಅವ್ರಿಗೂ ಆಗಿಲ್ಲಂತ” ಎಂದಳು. ಗೊಬ್ಬರ ಚೆನ್ನಾಗಿ ಮಾರಾಟವಾಗುತ್ತಿದೆಯೆಂದು ನಮ್ಮವರು ಹಿಂದಿನ ದಿನವಷ್ಟೇ ಕುಣಿದಿದ್ದರಲ್ಲ ಎಂದು ನನಗೆ ಆಶ್ಚರ್ಯ. ವಿಚಾರಿಸಿದರೆ, ದ್ರಾಕ್ಷಿ ತೋಟದವರು ಕಟ್ಟಿದ ಹಣ ನಗರಸಭೆಯ ಖಾತೆಗೆ ಬಿದ್ದ ಕೂಡಲೇ ಕಂತಿಗೆ ಹೋಗುತ್ತಿತ್ತು. ನಮ್ಮವರು ಮರುದಿನವೇ ನಗರಸಭೆಯ ಕಮಿಷನರ ಬಳಿ ಹೋದರು. ಬಂದು ನನಗೆ ಹೇಳಿದ್ದು ಹೀಗೆ.

“ಸಾರ್, ಅದು ಕೂಲಿಯವರ ದುಡ್ಡು ಅಂದೆ.”

“ಏನಂದ್ರು?”

“‘ದುಡ್ಡಿಗೆ ಅದು ಗೊತ್ತಾಗುತ್ತೇನ್ರೀ ಮೂರ್ತಿ? ಖಾತೆಗೆ ಬಂತು, ಕಂತಿಗೆ ಹೋಯ್ತು’ ಅಂದ್ರು. ಹಾಗಾದ್ರೆ ಗೊಬ್ಬರ ಮಾಡೋದು ನಿಲ್ಲಿಸ್ಬೇಕಾ ಅಂದೆ. ‘ಯಾಕೆ ನಿಲ್ಲಿಸ್ತೀರಿ? ಇನ್ನೂ ಜಾಸ್ತಿ ಮಾರಿ, ಕಂತಿಗೆ ಅನುಕೂಲ ಆಗುತ್ತೆ’ ಅಂದ್ರು.”

ಕಮಿಷನರು ಕೆಟ್ಟವರಲ್ಲ. ಅವರ ಜೀಪಿಗೆ ಡೀಸೆಲ್ ಇಲ್ಲದೆ ಅವರೂ ಆಟೋದಲ್ಲಿ ಬರುತ್ತಿದ್ದರು. ‘ಮಾರ್ಚ್ ಕಳೀಲಿ, ಏನಾದ್ರೂ ಅಡ್ಜಸ್ಟ್ ಮಾಡೋಣ, ಅಲ್ಲೀತನಕ ಹೇಗಾದ್ರೂ ತೂಗಿಸ್ಕೊಂಡು ಹೋಗಿ’ ಎಂದೂ ಹೇಳಿದ್ದರಂತೆ. ಹಾಗೆ ತೂಗಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕಚೇರಿಯ ನೌಕರರ ಸೊಸೈಟಿಯಲ್ಲಿ ನಾನು ಸಾಲ ತೆಗೆದೆ. ಕಾರಣವೇನೆಂದು ಕೇಳಿದರು. ಮದುವೆ, ಮನೆ ರಿಪೇರಿ, ಕಾಯಿಲೆಗಳಿಗೆ ಸಾಲ ಕೊಡುವ ಪದ್ಧತಿ ಇತ್ತು. ನಗರಸಭೆಯೊಂದನ್ನು ಸಾಕಲು ಎಂದು ಹೇಳುವ ಧೈರ್ಯವಾಗದೆ, ಮನೆಯ ಸೂರು ಸೋರುತ್ತಿದೆ ಎಂದೆ. ಮುಂದಿನ ಭಾನುವಾರ ಹೆಂಗಸರೆಲ್ಲ ನಮ್ಮ ಹಜಾರದಲ್ಲಿ ಸಾಲಾಗಿ ಕೂತು ಕಾಫಿ ಕುಡಿದು ಕೂಲಿ ಪಡೆದರು. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, “ಹೊಸ ಚೀಟಿ ಶುರು ಮಾಡಿದ್ರಾ ಸರೋಜಾ? ನನ್ನ ಹೆಸರೂ ಹಾಕ್ಕೊಳ್ಳಿ” ಎಂದರು.

ಎಲ್ಲರೂ ಹೋದ ಮೇಲೆ ಶರಣಮ್ಮ ಹಣವನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. “ಇದು ಮುನಸೀಪಾಲ್ಟಿದೋ, ನಿಮ್ದೋ?” ಎಂದು ಕೇಳಿದಳು.

“ಯಾರದಾದ್ರೇನು ಶರಣಮ್ಮ, ತಗೊಳ್ಳಿ.”

“ಹಾಂಗಲ್ರಿ. ಮುನಸೀಪಾಲ್ಟಿದಾದ್ರ ಮುಂದಿನ ತಿಂಗಳೂ ಬರ್ತದ. ನಿಮ್ದಾದ್ರ ಎಷ್ಟು ದಿನ ಬಂದೀತು?”

ನಾನು ಲೋಟ ತೊಳೆಯುವ ನೆಪ ಮಾಡಿ ಒಳಗೆ ಹೋದೆ.

ಮಾರ್ಚ್ ಕಳೆಯಿತು. ನಗರಸಭೆ ಬಾಕಿ ಕಂತುಗಳನ್ನು ತೀರಿಸಲು ಗೊಬ್ಬರದ ಜಾಗವನ್ನು ದೀರ್ಘ ಗುತ್ತಿಗೆಗೆ ಕೊಟ್ಟಿತು. ಆಗಷ್ಟೇ ರಿಂಗ್ ರಸ್ತೆಯ ಕಂಪನಿಗಳಿಗೆ ಕ್ಯಾಬುಗಳು ಓಡಲು ಶುರುವಾಗಿದ್ದವು. ಅವುಗಳನ್ನು ನಿಲ್ಲಿಸಲು ಯಾರೋ ಜಾಗ ಹುಡುಕುತ್ತಿದ್ದರು. ಒಂದೇ ಸಲಕ್ಕೆ ಮುಂಗಡ ಬಂತು, ಒಂದೇ ಸಲಕ್ಕೆ ಹೋಯಿತು. ಚಪ್ಪರ ಕಿತ್ತರು. ಇನ್ನೂ ಹಣ್ಣಾಗದ ರಾಶಿಗಳ ಮೇಲೆ ಜೆಸಿಬಿ ಓಡಿಸಿ ಮಟ್ಟ ಮಾಡಿ ಜಲ್ಲಿ ಹಾಸಿದರು. ನಮ್ಮವರು ಬೇಲಿಯ ಹೊರಗೆ ನಿಂತು ನೋಡಿ ಬಂದರು. ಆ ದಿನ ಊಟ ಮಾಡಲಿಲ್ಲ. ಕಸವನ್ನು ಗುತ್ತಿಗೆದಾರನ ಲಾರಿಗಳು ಮತ್ತೆ ಕೆರೆಯ ಅಂಗಳಕ್ಕೇ ಸುರಿಯತೊಡಗಿದವು. ರಾಶಿ ಬೆಳೆದಾಗ ಬೆಂಕಿ ಹಚ್ಚುತ್ತಿದ್ದರು. ದ್ರಾಕ್ಷಿ ತೋಟದವರು ಒಂದೆರಡು ಸಲ ಬಂದು, ಕ್ಯಾಬುಗಳನ್ನು ನೋಡಿ, ಚೀಲದ ಗೊಬ್ಬರ ಕೊಳ್ಳಲು ಹೊರಟುಹೋದರು. ನಮ್ಮವರನ್ನು ತೆರಿಗೆ ವಸೂಲಿಗೆ ಹಾಕಿದರು. ಬಾಕಿದಾರರ ಮನೆಯ ಮುಂದೆ ತಮಟೆ ಬಾರಿಸುವುದು ಆಗಿನ ಹೊಸ ಉಪಾಯ. ಹಕ್ಕಿಗಳಿಗೆ ಗದ್ದಲವಾಗಬಾರದೆಂದು ಕೆರೆಯ ಬಳಿ ಮೆಲ್ಲಗೆ ಮಾತಾಡುತ್ತಿದ್ದ ಮನುಷ್ಯ ತಮಟೆಯವನ ಪಕ್ಕದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಇತ್ತ ನನ್ನ ಸಂಬಳದಲ್ಲಿ ಸೊಸೈಟಿಯವರು ಸೋರದ ಸೂರಿನ ಸಾಲವನ್ನು ತಿಂಗಳು ತಿಂಗಳೂ ಹಿಡಿದುಕೊಳ್ಳುತ್ತಿದ್ದರು.

ಆ ಸಂಕೀರ್ಣದ ಬಾಡಿಗೆಯನ್ನು ಕೊನೆಗೆ ಎಷ್ಟು ಇಳಿಸಿದರೆಂದರೆ, ನಮ್ಮ ವಿಮಾ ಕಚೇರಿಯೇ ಅಲ್ಲೊಂದು ಶಾಖೆ ತೆರೆಯಿತು. ಮನೆಗೆ ಹತ್ತಿರವೆಂದು ನಾನು ವರ್ಗ ಕೇಳಿ ಪಡೆದೆ. ಎರಡು ಬಸ್ಸಿನ ನೂಕುನುಗ್ಗಲು ತಪ್ಪಿದ್ದಕ್ಕೆ ಸಂತೋಷವಾಯಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ, ಆದರೆ ಆಯಿತು. ನನ್ನ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು, ಎದುರಿಗೆ ಕೆರೆ. ಹೊಗೆ ಬಂದಾಗ ಕಿಟಕಿ ಮುಚ್ಚುತ್ತಿದ್ದೆ. ಹೊಗೆ ಇಲ್ಲದಾಗ ರಾಶಿಯ ಮೇಲೆ ಬಗ್ಗಿ ಪ್ಲಾಸ್ಟಿಕ್ಕು, ಕಬ್ಬಿಣ ಆಯುವ ಹೆಂಗಸರು ಕಾಣುತ್ತಿದ್ದರು. ಅವರಲ್ಲಿ ಶರಣಮ್ಮನೂ ಇದ್ದಾಳೆಂದು ನನಗೆ ಗೊತ್ತಾದದ್ದು ಅವಳೇ ಒಂದು ದಿನ ಶಾಖೆಗೆ ಬಂದಾಗ. ಸೀರೆಯ ಸೆರಗೆಲ್ಲ ಹೊಗೆವಾಸನೆ. ಸರತಿಯಲ್ಲಿದ್ದವರು ಸರಿದು ಜಾಗ ಬಿಟ್ಟರು. ಕುರ್ಚಿ ತೋರಿಸಿದರೆ ಅಂಚಿನಲ್ಲಿ ಕೂತು ಬಹಳ ಹೊತ್ತು ಕೆಮ್ಮಿದಳು.

“ಅಕ್ಕಾರ, ನನ್ನಂಥೋರಿಗೆ ಇನ್ಸೂರೆನ್ಸ್ ಮಾಡ್ತಾರೇನ್ರಿ? ಮಗಳ ಹೆಸರೀಗೆ ಏನರ ಬರಬೇಕ್ರಿ.”

ಡಾಕ್ಟರು ಪರೀಕ್ಷೆ ಮಾಡದೆ ಪಾಲಿಸಿ ಆಗುವುದಿಲ್ಲ. ಆ ಕೆಮ್ಮಿಗೆ ಯಾವ ಡಾಕ್ಟರೂ ಸಹಿ ಹಾಕುವುದಿಲ್ಲ. ಅಷ್ಟು ವರ್ಷದ ಅನುಭವದಲ್ಲಿ ನನಗೆ ಅಷ್ಟು ತಿಳಿದಿತ್ತು. “ಮೊದ್ಲು ಕೆಮ್ಮು ಕಡಿಮೆ ಆಗ್ಲಿ, ಆಮೇಲೆ ಮಾಡಿಸೋಣ” ಎಂದೆ.

ಅವಳಿಗೆ ನಗು ಬಂತು. “ಕೆಮ್ಮು ಕಡಿಮಿ ಆದ್ರ ಇದು ಯಾಕ ಬೇಕ್ರಿ?” ಎಂದು ಎದ್ದಳು.

ನಮ್ಮವರು ಅವಳನ್ನು ಶಿವಾಜಿನಗರದ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಎದೆ ಪೂರ್ತಿ ಕೆಟ್ಟಿದೆ, ಹೊಗೆಯಿಂದ ದೂರವಿರಬೇಕು ಎಂದರಂತೆ. ಮಾತ್ರೆ ತಂದುಕೊಟ್ಟರು. ಒಂದಷ್ಟು ದಿನ ಕೋಣೆಯಲ್ಲೇ ಇದ್ದಳು. ಬಾಡಿಗೆ ಕಟ್ಟಬೇಕಾದಾಗ ಮತ್ತೆ ರಾಶಿಗೆ ಹೋದಳು. ಯುಗಾದಿಗೆ ಮುಂಚೆ ಆ ಕೋಣೆಯಲ್ಲೇ ತೀರಿಕೊಂಡಳು. ನಗರಸಭೆಯ ಹೆಣದ ವ್ಯಾನಿಗೆ ಡೀಸೆಲ್ ಇರಲಿಲ್ಲ. ಬಂಕಿನವನು ಸಾಲ ನಿಲ್ಲಿಸಿ ಬಹಳ ದಿನವಾಗಿತ್ತು. ಗುತ್ತಿಗೆದಾರನ ಕಸದ ಲಾರಿ ಇದೆ, ತೊಳೆಸಿ ಕೊಡುತ್ತೇವೆ ಎಂದು ಯಾರೋ ಹೇಳಿದರು. ನಮ್ಮವರು “ಬೇಡ” ಎಂದರು. ಅವಳ ತಮ್ಮ, ಅವಳ ಊರಿನ ಇಬ್ಬರು, ನಮ್ಮವರು ಸೇರಿ ಹೆಗಲ ಮೇಲೆ ಹೊತ್ತು ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಡೆದರು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಮನೆಗೆ ಬಂದು ಸ್ನಾನ ಮಾಡಿ ಕೂತವರು, “ತುಂಬ ಹಗುರ ಇದ್ಲು” ಎಂದಷ್ಟೇ ಹೇಳಿದರು.

ಕೆಲವು ವರ್ಷಕ್ಕೆ ನಗರಸಭೆಯೇ ಹೋಗಿ ಬೆಂಗಳೂರಿನ ದೊಡ್ಡ ಪಾಲಿಕೆಯಲ್ಲಿ ಸೇರಿತು. ಅದೇ ಹೊತ್ತಿಗೆ ನಮ್ಮವರಿಗೆ ನಿವೃತ್ತಿ. ಸಂಕೀರ್ಣದ ಮೇಲಿನ ಸಭಾಂಗಣದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಮಾಜಿ ಅಧ್ಯಕ್ಷರು ಮಾತಾಡಿ, ಮೂರ್ತಿಯವರ ಕಾಲದಲ್ಲಿ ಊರು ಸ್ವಚ್ಛವಾಗಿತ್ತು ಎಂದರು. ಪಕ್ಕದಲ್ಲಿ ಕೂತಿದ್ದ ಲೆಕ್ಕದ ಅಧಿಕಾರಿಯನ್ನು ನಾನು ಮೆಲ್ಲಗೆ ಕೇಳಿದೆ, ಹಳೆಯ ಸಾಲಗಳೆಲ್ಲ ಏನಾದವು ಎಂದು. “ಎಲ್ಲಾ ಹೊಸ ಆಫೀಸು ವಹಿಸಿಕೊಂಡಿದೆ ಮೇಡಂ. ಒಂದು ಪೈಸೆ ಬಿಡದ ಹಾಗೆ ತೀರಿಸ್ತಾರೆ” ಎಂದರು. ಕೂಲಿಗೆಂದು ನಾನು ಕೊಟ್ಟ ಹಣದ ವಿಷಯ ಹೇಳಿದೆ. ಅವರಿಗೆ ನಿಜವಾಗಿಯೂ ಬೇಸರವಾಯಿತು. “ಅದು ಸಾಲ ಅಲ್ಲ ಮೇಡಂ, ನಿಮ್ಮ ಒಳ್ಳೇತನ. ಅದನ್ನ ವಹಿಸಿಕೊಳ್ಳೋಕೆ ಅವಕಾಶ ಇಲ್ಲ” ಎಂದರು.

ಅಷ್ಟರಲ್ಲಿ ಸಹಧರ್ಮಿಣಿ ಎರಡು ಮಾತಾಡಬೇಕೆಂದು ನನ್ನನ್ನು ಕರೆದರು. ಆ ಸಭೆಗೆಂದೇ ನಾನು ಮನೆಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಕೆರೆ, ಗೊಬ್ಬರ, ಶರಣಮ್ಮ, ಯಾರದೋ ಕಂತಿಗೆ ಯಾರು ಕಟ್ಟಿದರು ಎಂಬುದು, ಎಲ್ಲ ಹೇಳಿಬಿಡುವುದು ಎಂದುಕೊಂಡಿದ್ದೆ. ಮೈಕಿನ ಮುಂದೆ ನಿಂತೆ. ಎದುರಿಗೆ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ನಗುತ್ತ ಕೂತಿದ್ದರು. “ಎಲ್ರೂ ದಯವಿಟ್ಟು ತಿಂಡಿ ತಗೊಂಡೇ ಹೋಗ್ಬೇಕು” ಎಂದು ಹೇಳಿ ಕೈಮುಗಿದೆ. ದೊಡ್ಡ ಚಪ್ಪಾಳೆ ಬಿತ್ತು. ಆಟೋದಲ್ಲಿ ಮನೆಗೆ ಬರುವಾಗ ನಮ್ಮವರು, “ಚೆನ್ನಾಗಿ ಮಾತಾಡ್ದೆ” ಎಂದರು. ಮದುವೆಯಾದಂದಿನಿಂದ ಅವರು ನನ್ನ ಅಡುಗೆಯನ್ನೂ ಹೊಗಳಿದವರಲ್ಲ. ಆವತ್ತೇ ಹೊಗಳಬೇಕಾಗಿತ್ತೇ ಎಂದು ನನಗೆ ತುಂಬ ಸಿಟ್ಟು ಬಂತು.