ಎರಡು ಗಂಟೆಯ ಪ್ರಾಮಾಣಿಕತೆ

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಲೊವೆಲ್ ಹಾವರ್‌ಕ್ಯಾಂಪ್‌ಗೆ ಒಂದು ಸೇತುವೆಯೂ ಕೈಕೊಟ್ಟಿರಲಿಲ್ಲ. ಕೈಕೊಟ್ಟದ್ದು ಎರಡು ಗಂಟೆಯ ಪಾಠ.

ಬಕ್‌ಹಾರ್ನ್ ಕೌಂಟಿಯ ರಸ್ತೆ, ಸೇತುವೆಗಳಿಗೆಲ್ಲ ಅವನೊಬ್ಬನೇ ಎಂಜಿನಿಯರ್. ಪರವಾನಗಿ ಉಳಿಯಬೇಕಾದರೆ ಎರಡು ವರ್ಷಕ್ಕೊಮ್ಮೆ ಮೂವತ್ತು ಗಂಟೆ ಪಾಠ ಕಲಿತು, ಡಿಸೆಂಬರ್ ಮೂವತ್ತೊಂದರ ಸಂಜೆ ಐದರೊಳಗೆ ರಾಜ್ಯದ ಎಂಜಿನಿಯರುಗಳ ಮಂಡಳಿಗೆ ಪ್ರಮಾಣಪತ್ರ ಕಳಿಸಬೇಕು. ಕಾಂಕ್ರೀಟು, ಮೋರಿ, ಹಿಮ ಬಿದ್ದ ರಸ್ತೆಗೆ ಉಪ್ಪು ಹಾಕುವ ಬಗೆ ಎಂದು ಇಪ್ಪತ್ತೆಂಟು ಗಂಟೆ ಮುಗಿಸಿದ್ದ. ಉಳಿದದ್ದು ವೃತ್ತಿಧರ್ಮದ ಎರಡು ಗಂಟೆ. ‘ಪ್ರಾಮಾಣಿಕತೆಯನ್ನು ಇವರು ನನಗೇನು ಹೇಳಿಕೊಡುತ್ತಾರೆ’ ಎಂಬ ಧೈರ್ಯದ ಮೇಲೆ ಅದನ್ನು ಮುಂದೂಡುತ್ತಲೇ ಬಂದಿದ್ದ. ಹೆಂಡತಿ ಡೊರೀನ್ ಮಗಳ ಮನೆಗೆ ಹೊರಟಾಗ, “ಆ ಪಾಠ ಮುಗಿಸಿದ್ಯಾ?” ಎಂದು ಕೇಳಿದ್ದಳು. “ಹೆಚ್ಚುಕಡಿಮೆ” ಎಂದಿದ್ದ.

ಈಗ ಕೊನೆಯ ದಿನದ ಬೆಳಿಗ್ಗೆ ಒಂಬತ್ತು ಗಂಟೆ. ಪರವಾನಗಿ ಹೋದರೆ ನಕ್ಷೆಗಳಿಗೆ ಒತ್ತುವ ಮೊಹರು ಹೋಗುತ್ತದೆ, ಮೊಹರಿಲ್ಲದವನಿಗೆ ಕೌಂಟಿಯಲ್ಲಿ ಕುರ್ಚಿಯಿಲ್ಲ. ಅವನು ಕಾಫಿ ಬಗ್ಗಿಸಿಕೊಂಡು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ.

ಪಾಠ ಮಾರುವ ಕಂಪನಿಯವರು ಎಂಜಿನಿಯರುಗಳ ಬುದ್ಧಿಯನ್ನು ಚೆನ್ನಾಗಿ ಬಲ್ಲವರು. ಹತ್ತು ನಿಮಿಷಕ್ಕೊಮ್ಮೆ ಹಳದಿ ಟೋಪಿಯ ಒಂದು ಬೊಂಬೆ ಪರದೆಯ ಮೂಲೆಯಿಂದ ಇಣುಕಿ, ‘ಇದ್ದೀರಾ?’ ಎಂದು ಕೇಳುತ್ತಿತ್ತು. ಒಂದು ನಿಮಿಷದೊಳಗೆ ‘ಇದ್ದೇನೆ’ ಎಂದು ಒತ್ತದಿದ್ದರೆ ಪಾಠವೆಲ್ಲ ಮತ್ತೆ ಮೊದಲಿನಿಂದ.

ಹತ್ತೂ ನಲವತ್ತಕ್ಕೆ, ಇನ್ನೇನು ಇಪ್ಪತ್ತೇ ನಿಮಿಷ ಉಳಿದಿದೆ ಎನ್ನುವಾಗ, ರಸ್ತೆ ಮೇಸ್ತ್ರಿ ಡುವೇನ್ ಫೋನ್ ಮಾಡಿದ.

“ಬಾಸ್, ಉಪ್ಪು ಮೊದ್ಲು ಚರ್ಚ್ ರಸ್ತೆಗಾ, ಡೈರಿ ರಸ್ತೆಗಾ?”

“ಯಾವುದಕ್ಕಾದ್ರೂ ಹಾಕೋ ಮಾರಾಯ.”

“ಹಂಗಂದ್ರೆ ಹೆಂಗೆ ಬಾಸ್? ಹೋದ್ಸಲ ಪಾದ್ರಿ ಹತ್ರ ಬೈಸ್ಕೊಂಡಿದ್ದು ನಾನು.”

ಪಾದ್ರಿ ಏನೇನು ಬೈದರೆಂದು ಡುವೇನ್ ಹೇಳಿ ಮುಗಿಸುವಷ್ಟರಲ್ಲಿ ಹಳದಿ ಟೋಪಿ ಬಂದು ಹೋಗಿತ್ತು. ಲೊವೆಲ್ ಮೊದಲ ಪುಟಕ್ಕೆ ಮರಳಿದ.

ಎರಡನೆಯ ಸಲ ಹಾಳು ಮಾಡಿದವರು ಪಕ್ಕದ ಮನೆಯ ಮಿಸೆಸ್ ವೆಸ್ಟ್‌ಫಾಲ್. ಮೂವತ್ತೆಂಟು ವರ್ಷ ನಾಲ್ಕನೇ ಕ್ಲಾಸಿಗೆ ಪಾಠ ಮಾಡಿ ನಿವೃತ್ತರಾದವರು. ಒಂದು ಕಾಲದಲ್ಲಿ ಲೊವೆಲ್‌ಗೂ ಮಾಡಿದ್ದರು, ಲೆಕ್ಕದಲ್ಲಿ ಪಕ್ಕದವನ ಹಾಳೆ ನೋಡಿದ್ದಕ್ಕೆ ವಾರವಿಡೀ ಬಿಡುವಿನ ಹೊತ್ತಿನಲ್ಲಿ ಒಳಗೇ ಕೂರಿಸಿದ್ದರು. ಊರು ಅದನ್ನು ಮರೆತಿತ್ತು, ಅವರು ಮರೆತಿರಲಿಲ್ಲ. ಹಬ್ಬಕ್ಕೆ ಮಾಡಿದ ಹಂದಿಮಾಂಸದ ಹ್ಯಾಮಿನಲ್ಲಿ ಮಿಕ್ಕದ್ದನ್ನು ತಟ್ಟೆಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಿಮದಲ್ಲಿ ಎಂಬತ್ತು ದಾಟಿದವರನ್ನು ನಿಲ್ಲಿಸಲಾದೀತೇ? ಒಳಗೆ ಕರೆದು, ಕೋಟು ಬಿಚ್ಚಿಸಿ, ಬೂಟು ಕಳಚಿಸಿ ಬರುವಷ್ಟರಲ್ಲಿ ಬೊಂಬೆ ಮತ್ತೆ ಬಂದು ಹೋಗಿತ್ತು.

“ಯಾಕೋ, ಹರಳೆಣ್ಣೆ ಕುಡಿದವನ ಹಾಗಿದ್ದೀಯ?” ಎಂದರು.

ಅವನು ಹೇಳಿಕೊಂಡ. ಹೇಳಿ ಮುಗಿಸುತ್ತಲೇ ತಂತಿಗೆ ಮಂಜುಗಡ್ಡೆ ಕಟ್ಟಿ ಇಂಟರ್ನೆಟ್ಟೇ ಹೋಯಿತು. ಅದು ಬಂದಾಗ ಎರಡೂ ಮೂವತ್ತೈದು. ಐದಕ್ಕೆ ಇನ್ನು ಇದೊಂದೇ ಅವಕಾಶ. ಲೊವೆಲ್ ಫೋನನ್ನು ಡ್ರಾಯರಿನೊಳಗೆ ತುರುಕಿ ಶುರುಮಾಡಿದ. ಮಿಸೆಸ್ ವೆಸ್ಟ್‌ಫಾಲ್ ಮನೆಗೆ ಹೋಗುವ ಯೋಚನೆ ಬಿಟ್ಟು, ಹೆಣಿಗೆ ತೆಗೆದು ಎದುರಿಗೇ ಕೂತರು.

ಮೂರು ಗಂಟೆಗೆ ಡ್ರಾಯರು ಗುರುಗುಟ್ಟಿತು. ಬಿಟ್ಟ. ಮತ್ತೆ ಗುರುಗುಟ್ಟಿತು. ಐದನೆಯ ಸಲಕ್ಕೆ ತಡೆಯಲಾಗದೆ ತೆಗೆದ.

“ಬಾಸ್, ನೆಬ್ರಸ್ಕಾದ ಕಾಳಿನ ಲಾರಿ ಜಾರಿ ಮಡ್ ಕ್ರೀಕ್ ಸೇತುವೆಗೆ ಗುದ್ದಿದೆ. ಆಂಬುಲೆನ್ಸ್ ಹೋಗೋದೂ ಅದೇ ದಾರಿ. ಬಿಡ್ಲಾ, ಮುಚ್ಲಾ? ನೀವು ಬಂದು ಹೇಳ್ಬೇಕು.”

ಲೊವೆಲ್ ಎದ್ದು ಕೋಟಿಗೆ ಕೈ ಹಾಕಿದ. ಹೋಗದೆ ಇರುವಂತಿಲ್ಲ, ಹೋದರೆ ನೌಕರಿ ಉಳಿಯುವಂತಿಲ್ಲ. ಅವನ ಕಣ್ಣು ಹೆಣಿಗೆಯ ಕಡ್ಡಿಗಳ ಮೇಲೆ ಬಿತ್ತು.

“ಮಿಸೆಸ್ ವೆಸ್ಟ್‌ಫಾಲ್, ಒಂದು ಉಪಕಾರ ಆಗ್ಬೇಕು. ಈ ಹಳದಿ ಟೋಪಿಯವ ಬಂದಾಗಲೆಲ್ಲ ಇಲ್ಲಿ ಒತ್ತಿದ್ರೆ ಸಾಕು. ಕೊನೇಲಿ ಹತ್ತು ಪ್ರಶ್ನೆ ಬರುತ್ವೆ. ನಾನು ಬರೋದು ತಡವಾದ್ರೆ…”

“ಬರೀತೀನಿ ಬಿಡು. ಎಷ್ಟು ಪರೀಕ್ಷೆ ಕಂಡಿಲ್ಲ ನಾನು? ಟೋಪಿ ಹಾಕ್ಕೊಂಡು ಹೋಗು.”

ಸೇತುವೆಯ ಹತ್ತಿರ ಲಾರಿಯವನು ಕೈ ಉಜ್ಜಿಕೊಳ್ಳುತ್ತಿದ್ದ. ಕಂಬಿ ಒಂದಷ್ಟು ಬಗ್ಗಿತ್ತು, ಅಷ್ಟೇ ಎನ್ನುವ ಹಾಗಿತ್ತು ನೋಟಕ್ಕೆ.

“ಮೇಲಿಂದ ನೋಡಿ ಬಿಟ್ಬಿಡಿ ಬಾಸ್,” ಎಂದ ಡುವೇನ್, “ನಿಮ್ಗೂ ಅವಸರ ಇದ್ದ ಹಾಗಿದೆ.”

ಅವಸರವಿತ್ತು. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಆದರೂ ಲೊವೆಲ್‌ನ ಕಾಲು ಕಾರಿನ ಕಡೆ ಹೋಗಲಿಲ್ಲ. ದಂಡೆಯ ಹಿಮದ ಮೇಲೆ ಕೂತು ಜಾರಿ, ಸೇತುವೆಯ ಅಡಿಗೆ ಹೋಗಿ ಟಾರ್ಚ್ ಹಿಡಿದು ಒಂದೊಂದೇ ತೊಲೆ ನೋಡಿದ. ಮೂರನೆಯ ತೊಲೆ ಕೂತ ಜಾಗದಿಂದ ಮೂರು ಬೆರಳಿನಷ್ಟು ಸರಿದಿತ್ತು. ಇನ್ನೊಂದು ಭಾರದ ಲಾರಿ ಹತ್ತಿದ್ದರೆ ಸೇತುವೆ ಹೊಳೆಯಲ್ಲಿರುತ್ತಿತ್ತು. ಮೇಲೆ ಬಂದು, ಎರಡೂ ಕಡೆ ಮುಚ್ಚಿಸಿ, ಆಂಬುಲೆನ್ಸಿಗೆ ಸುತ್ತುದಾರಿ ಹೇಳಿ, ಮಂಡಿಯವರೆಗೆ ಒದ್ದೆಯಾಗಿ ಮನೆಗೆ ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಇದ್ದದ್ದು ಹಳದಿ ಟೋಪಿ.

“ಮುಗೀತಾ?” ಎಂದ ಬಾಗಿಲಿನಿಂದಲೇ.

“ಆಗ್ಲೇ ಮುಗೀತು. ಪರೀಕ್ಷೆ ನೂರಕ್ಕೆ ನೂರು. ಮಂಡಳಿಗೂ ಕಳಿಸಿಯಾಯ್ತು. ಸೇತುವೆ ಏನಾಯ್ತು?”

“ಮುಚ್ಚಿ ಬಂದೆ.”

“ಸರಿಯಾಗೇ ಮಾಡಿದೆ. ಎರಡನೇ ಅಧ್ಯಾಯದಲ್ಲೂ ಅದೇ ಹೇಳಿದ್ದಾರೆ.”

ಲೊವೆಲ್‌ಗೆ ಅಳು ಬರುವಷ್ಟು ಸಂತೋಷವಾಯಿತು. ಕುರ್ಚಿಯಲ್ಲಿ ಕುಸಿದು, ಹ್ಯಾಮಿನ ಒಂದು ತುಂಡು ಬಾಯಿಗಿಟ್ಟುಕೊಂಡು ಪ್ರಮಾಣಪತ್ರವನ್ನು ನೋಡಿದ.

“ಇದ್ರಲ್ಲಿ ನಿಮ್ಮ ಹೆಸರಿದೆ.”

“ಓದಿದ್ದು ನಾನು ತಾನೆ?” ಎಂದರು ಅವರು, ಹೆಣಿಗೆಯಿಂದ ತಲೆಯೆತ್ತದೆ. “ಪಾಠ ಪೂರ್ತಿ ಓದಿದವರ ಹೆಸರು ಬರೀರಿ ಅಂತ ಕೇಳ್ತು. ಮೊದಲು ನಿಂದೇ ಬರೆಯೋಣ ಅಂತಿದ್ದೆ. ಆದ್ರೆ ಮೂರನೇ ಅಧ್ಯಾಯ ಓದಿದ ಮೇಲೆ ಕೈ ಬರ್ಲಿಲ್ಲ ಕಣೋ. ಬೇರೆಯವರು ಮಾಡಿದ ಕೆಲಸಕ್ಕೆ ಎಂಜಿನಿಯರ್ ತನ್ನ ಮೊಹರು ಒತ್ತಬಾರದಂತೆ. ಪಾಪ, ನೀನು ಅಲ್ಲಿಗೆ ಬರೋ ಮುಂಚೆನೇ ಎದ್ದು ಹೋದೆ.”

“ಹಾಗಾದ್ರೆ ಮಂಡಳಿಗೆ ಏನು ಕಳಿಸಿದ್ರಿ?”

“ಅದು ಹತ್ತನೇ ಪ್ರಶ್ನೆ. ತಾನು ಮಾಡದ ಕೆಲಸವನ್ನ ತನ್ನದು ಅಂತ ತೋರಿಸೋ ಎಂಜಿನಿಯರ್ ನಿಮ್ಮ ಕಣ್ಣಿಗೆ ಬಿದ್ದರೆ ಏನು ಮಾಡ್ತೀರಿ? ಮಂಡಳಿಗೆ ತಿಳಿಸ್ತೀನಿ ಅಂತ ಒತ್ತಿದೆ. ಸರಿ ಉತ್ತರ. ಕೆಳಗೇ ಮಂಡಳಿಗೆ ಬರೆಯೋ ಜಾಗನೂ ಕೊಟ್ಟಿದ್ರು, ನಡೆದದ್ದು ಬರ್ದು ಕಳಿಸ್ದೆ. ಗಾಬರಿ ಬೀಳ್ಬೇಡ, ಒಳ್ಳೇದೂ ಬರ್ದಿದ್ದೀನಿ. ಹುಡುಗ ಬುದ್ಧಿವಂತ, ನಾಲ್ಕನೇ ಕ್ಲಾಸಿಂದ ಬಲ್ಲೆ, ಕೊನೇ ಗಳಿಗೇಲಿ ಪಕ್ಕದವರ ಹಾಳೆ ನೋಡೋ ಅಭ್ಯಾಸ ಒಂದು ಬಿಟ್ಟರೆ ಅಂತ.”

ಲ್ಯಾಪ್‌ಟಾಪು ಟಿಂಗ್ ಎಂದಿತು. ಸರ್ಕಾರಿ ಕಚೇರಿಯಿಂದ ಇಷ್ಟು ಬೇಗ ಉತ್ತರ ಬಂದದ್ದನ್ನು ಲೊವೆಲ್ ಜನ್ಮದಲ್ಲಿ ಕಂಡಿರಲಿಲ್ಲ. ವಿಚಾರಣೆ ಮುಗಿಯುವವರೆಗೆ ಪರವಾನಗಿ ನವೀಕರಣವನ್ನು ತಡೆಹಿಡಿಯಲಾಗಿದೆ, ಅಷ್ಟರೊಳಗೆ ವೃತ್ತಿಧರ್ಮದ ಹನ್ನೆರಡು ಗಂಟೆಯ ಪಾಠ ಪೂರೈಸತಕ್ಕದ್ದು ಎಂದಿತ್ತು.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಡುವೇನ್. “ಬಾಸ್, ತೊಲೆ ರಿಪೇರಿ ನಕ್ಷೆಗೆ ನಾಳಿದ್ದೇ ಮೊಹರು ಹಾಕ್ಕೊಡ್ತೀರಲ್ಲ? ಜನ ಇಪ್ಪತ್ತು ಮೈಲಿ ಸುತ್ತಬೇಕಾಗಿದೆ.”

ಲೊವೆಲ್ ಫೋನನ್ನು ಮೇಜಿನ ಮೇಲೆ ಮಗುಚಿಟ್ಟ. ಮಿಸೆಸ್ ವೆಸ್ಟ್‌ಫಾಲ್ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು, ಹನ್ನೆರಡು ಗಂಟೆಯ ಪಾಠ ಹುಡುಕಿ, ತೆರೆದು, ಅವನ ಕಡೆ ತಿರುಗಿಸಿದರು.

“ಈಗ್ಲೇ ಶುರುಮಾಡು. ನಾನು ಇಲ್ಲೇ ಕೂತಿರ್ತೀನಿ.”

ಚರ್ಚಿನ ಗಂಟೆ ಐದು ಬಡಿಯಿತು. ಪರದೆಯ ಮೂಲೆಯಿಂದ ಹಳದಿ ಟೋಪಿ ಇಣುಕಿ, ‘ಎಂಜಿನಿಯರರೇ, ಇದ್ದೀರಾ?’ ಎಂದು ಕೇಳಿತು. ಲೊವೆಲ್‌ನ ಬೆರಳು ಗುಂಡಿಯ ಮೇಲೆಯೇ ನಿಂತಿತು.

“ಯೋಚನೆ ಮಾಡಿ ಒತ್ತು,” ಎಂದರು ಮಿಸೆಸ್ ವೆಸ್ಟ್‌ಫಾಲ್. “ಸುಳ್ಳು ಹೇಳ್ಬೇಡ.”