ಸತ್ತವರಿಗೆಲ್ಲ ಒಂದೇ ಸೀರೆ

ಚಿಕ್ಕಜಾಜೂರಿನಲ್ಲಿ ಯಾರು ಸಾಯುತ್ತಾರೆಂದು ಡಾಕ್ಟರಿಗಿಂತ ಮೊದಲು ಗೊತ್ತಾಗುತ್ತಿದ್ದುದು ನನ್ನ ಸೋದರಮಾವನಿಗೆ. ಜ್ಯೋತಿಷಿ ಅಂದುಕೊಂಡಿರಾ? ಅಲ್ಲ, ಫೋಟೋ ಸ್ಟುಡಿಯೋದವನು!

ಎರಡು ಸಾವಿರದ ಐದಾರನೇ ಇಸವಿಯ ಹೊತ್ತಿಗೆ ಮಾವ ರೀಲು ಬಿಟ್ಟು ಡಿಜಿಟಲ್ ಕ್ಯಾಮೆರಾ ಹಿಡಿದ, ಹಳೆಯದೊಂದು ಕಂಪ್ಯೂಟರು ತಂದ. ಬೇರೆ ಸ್ಟುಡಿಯೋದವರು ಫೋಟೋಗಳನ್ನು ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಂದು ವಿಂಗಡಿಸುತ್ತಿದ್ದರು. ಮಾವನದು ಮೂರೇ ಫೋಲ್ಡರು: ಇದ್ದವರು, ಹೊರಟವರು, ಹೋದವರು. ಯಾರಾದರೂ ಹಾಸಿಗೆ ಹಿಡಿದರೆಂದು ಸುದ್ದಿ ಬಂದರೆ ಸಾಕು, ಮದುವೆಯ ಗ್ರೂಪ್ ಫೋಟೋದಿಂದ ಅವರ ಮುಖ ಕತ್ತರಿಸಿ, ಹಿಂದಿನ ಶಾಮಿಯಾನ ಅಳಿಸಿ, ಬಣ್ಣ ತಿದ್ದಿ, 'ಹೊರಟವರು' ಫೋಲ್ಡರಿಗೆ ಹಾಕಿಡುತ್ತಿದ್ದ. ಸತ್ತ ದಿನವೇ ಕರೆಂಟು ಇರುತ್ತದೆಂದು ಏನು ಗ್ಯಾರಂಟಿ?

ಒಮ್ಮೆ ರೈಲ್ವೆಯ ನಿವೃತ್ತ ಗ್ಯಾಂಗ್‌ಮನ್ ಒಬ್ಬರು ಪೆನ್ಷನ್ ಫೋಟೋಕ್ಕೆ ಬಂದವರು ಪರದೆಯತ್ತ ಇಣುಕಿದರು.

"ಲೇ, ಅದು ನನ್ ಮಕ ಅಲ್ವೇನೋ? ಹಣೆಗೆ ಈಬತ್ತಿ ಯಾಕ್ ಬಳ್ದೀಯ?"

"ಮೊನ್ನೆ ಎದೆನೋವು ಅಂತಿದ್ರಲ್ಲಣ್ಣ, ಅದಕ್ಕೇ ರೆಡಿ ಮಾಡಿಕ್ಕಿದೀನಿ. ಕುಂತ್ಕಳ್ರಿ, ಚೆನ್ನಾಗ್ ಬಂದೈತೆ."

"ವಾಪಸ್ ಹಾಕಲೇ ನನ್ನ! ಇದ್ದೋರ್ ಜೊತೆಗೆ ಹಾಕು!"

ಹಾಕಿದ. ಆಮೇಲೆ ಆ ಮುದುಕಪ್ಪ ತಿಂಗಳಿಗೊಮ್ಮೆ ಬಂದು ತನ್ನ ಫೈಲು ಎಲ್ಲಿದೆಯೆಂದು ನೋಡಿಕೊಂಡೇ ಮನೆಗೆ ಹೋಗುತ್ತಿದ್ದರು!

ಹೋದ ಗಂಡಸರಿಗೆಲ್ಲ ಮಾವನ ಬಳಿ ಒಂದೇ ನೀಲಿ ಕೋಟು, ಹೆಂಗಸರಿಗೆಲ್ಲ ಒಂದೇ ನೇರಳೆ ರೇಷ್ಮೆ ಸೀರೆ. ಮುಖ ಅವರದು, ಕತ್ತಿನಿಂದ ಕೆಳಗೆ ಮಾವನದು. ಡೈರಿಯಲ್ಲಿ ಲೆಕ್ಕ ಬರೆಯುವುದು ನನ್ನ ಚಾಳಿ: ತಿಥಿ ಊಟಕ್ಕೆ ಹೋದ ಮನೆಗಳ ಗೋಡೆಗಳಲ್ಲಿ ಆ ವರ್ಷ ಹನ್ನೊಂದು ಕೋಟು, ಒಂಬತ್ತು ಸೀರೆ. ಜೀವಮಾನವೆಲ್ಲ ಕಂಬಳಿ ಹೊದ್ದು ಕುರಿ ಕಾಯ್ದವನಿಗೂ ಕೋಟು! ಹರಿದ ಸೆರಗಿನಲ್ಲೇ ಕಳೆ ಕಿತ್ತವಳಿಗೂ ರೇಷ್ಮೆ! ಬದುಕಿದ್ದಾಗ ಅವಳಿಗೊಂದು ಒಳ್ಳೆಯ ಸೀರೆ ತರದ ಮಕ್ಕಳು, "ಅವ್ವ ಎಷ್ಟ್ ಕಳೆಕಳೆಯಾಗವ್ಳೆ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ನನ್ನ ಅಮ್ಮ, ಮಾವನ ಸ್ವಂತ ಅಕ್ಕ, ಜ್ವರ ಬಂದ ನಾಲ್ಕೇ ದಿನಕ್ಕೆ ಹೋದಳು. ಊರವರನ್ನೆಲ್ಲ ಮುಂಚಿತವಾಗಿ ಹೊರಡಿಸಿದ್ದ ಮಾವ ಅಕ್ಕನನ್ನು ಮಾತ್ರ 'ಇದ್ದವರು' ಫೋಲ್ಡರಿನಿಂದ ಕದಲಿಸಿರಲಿಲ್ಲ. ಸಿಕ್ಕಿದ ಒಂದೇ ಫೋಟೋದಲ್ಲಿ ಅಮ್ಮನ ಮುಂದೆ ಯಾರದೋ ಮಗು ಅಡ್ಡ ನಿಂತಿತ್ತು, ಕಾಣುತ್ತಿದ್ದುದು ಮುಖವಷ್ಟೇ. ಮಾವ ನೇರಳೆ ಸೀರೆಯ ಫೈಲು ತೆರೆದ.

"ಅದ್ ಬ್ಯಾಡ ಮಾವ. ನಮ್ಮವ್ವ ಉಟ್ಟಿದ್ದು ಹತ್ತಿ ಸೀರೆ. ಅಂಥಾದ್ದೇ ಹಾಕು."

"ಇದೇ ಇರ್ಲಿ ಬಿಡಪ್ಪ."

"ಒಂದ್ ಸೀಡಿ ತಂದ್ರೆ ಫೋಟೋಕ್ಕೆ ಅಂಟ್ಸಾಕೆ ನೂರ್ ಸೀರೆ ಬರ್ತವೆ! ನಮ್ಮವ್ವನ್ನೂ ಆ ಸಾಲಿಗೇ ಸೇರಿಸ್ತೀಯಾ? ಯಾರ್ದು ಈ ಹಾಳ್ ಸೀರೆ?"

ಮಾವ ಇನ್ನೊಂದು ಫೈಲು ತೆರೆದ. ಹಳೆಯ ಫೋಟೋವೊಂದನ್ನು ಸ್ಕ್ಯಾನ್ ಮಾಡಿದ್ದು. ಮದುವೆಯಾದ ವರ್ಷವೇ ಹೆರಿಗೆಯಲ್ಲಿ ತೀರಿಕೊಂಡ ಅತ್ತೆ, ಮಾವನ ಹೆಂಡತಿ. ಅದೇ ನೇರಳೆ ಸೀರೆಯ ನೆರಿಗೆ, ಅಂಚು, ಹೆಗಲು ಎಲ್ಲ ನಿಚ್ಚಳ, ಮುಖವಷ್ಟೇ ಕಲಸಿಹೋಗಿತ್ತು.

"ನಾನೇ ತೆಗ್ದಿದ್ದು. ಆಗಿನ್ನೂ ಕಲೀತಿದ್ದೆ. ನಕ್ಕು ಆ ಕಡೆ ತಿರುಗಿಬಿಟ್ಳು. ಅವಳ್ದು ಅಂತ ಇರೋದು ಇದೊಂದೇ. ಎಷ್ಟ್ ತಿದ್ದಿದ್ರೂ ಮಕ ಬರ್ಲಿಲ್ಲ ಕಣಪ್ಪ. ನಮ್ಮನೆ ಗೋಡೆಗೆ ಏನಂತ ತಗಲಾಕ್ಲಿ? ಊರೋರ್ ಮನೇಲಾದ್ರೂ ಇರ್ಲಿ ಅಂತ..."

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತೆ. ಅಮ್ಮನ ಮುಖವನ್ನು ಅತ್ತೆಯ ಹೆಗಲ ಮೇಲೆ ಇಬ್ಬರೂ ಸೇರಿ ಕೂರಿಸಿದೆವು. ಕತ್ತಿನ ಹತ್ತಿರ ಬಣ್ಣ ಹೊಂದಲಿಲ್ಲ.

"ತಿದ್ಲಾ?" ಎಂದ ಮಾವ.

"ಬ್ಯಾಡ ಮಾವ. ಇಬ್ರು ಅವ್ರೆ ಅಂತ ಗೊತ್ತಾಗ್ಲಿ."