ಬಚ್ಚಲ ಮುಂದಿನ ದೀಪ

ಬಾಡಿಗೆ ಮನೆಯಲ್ಲಿ ಯಾವುದು ನಮ್ಮದು, ಯಾವುದು ಮಾಲಕರದು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಗೋಡೆ ಅವರದು, ಗೋಡೆಯ ಮೇಲಿನ ದೇವರ ಫೋಟೋ ನಮ್ಮದು. ನಡುವಿನ ಮೊಳೆ ಯಾರದೋ, ಆ ಶಿವನೇ ಬಲ್ಲ. ಹೀಗಿರುವಾಗ ನವನಗರದ ನಮ್ಮ ಮಾಲಕರು ಒಂದು ಮುಂಜಾನೆ ಬಾಗಿಲಲ್ಲಿ ನಿಂತು, "ಅಕ್ಕಾರ, ನಾಳೆ ನಿಮ್ಮ ಬಚ್ಚಲಾ ಒಡಸ್ತೇನ್ರಿ. ಹೊಸಾ ಟೈಲ್ಸ್, ಹೊಸಾ ನಳ! ಕೆಲಸ ಮುಗಿಯೂತನಕ ಮಾಳಗಿ ಮ್ಯಾಲಿನ ಬಚ್ಚಲಾ ಬಳಸ್ರಿ" ಎಂದರು. ಅವರದೇ ಎದುರಿನ ಮನೆ ಖಾಲಿಯೇ ಇತ್ತು, ಆದರೆ ಅದಕ್ಕೆ ಸುಣ್ಣ ಬಳಿದು, ಹೊಸ ಬಾಡಿಗೆಯವರಿಗೆಂದು ಬೀಗ ಜಡಿದಿದ್ದರು. ಒಳಗೆ ನಮ್ಮ ಅತ್ತೆಯವರು ಬಾತ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು. ಅವರಿಗೆ ಹೊಸ್ತಿಲು ದಾಟುವುದೇ ಯಾತ್ರೆ. ಮಾಳಿಗೆ ಏರುವುದೆಂದರೆ ಬಾದಾಮಿ ಗುಡ್ಡ ಏರಿದಂತೆ. "ಜಳಕಾ ಬಿಟ್ಟೇನು, ಉಳದದ್ದು ಹೆಂಗ ಬಿಡಲೆವಾ?" ಎಂದರು.

ಇಳಕಲ್ಲಿನಲ್ಲಿ ವಕೀಲನಾಗಿರುವ ನನ್ನ ತಮ್ಮನಿಗೆ ಫೋನು ಹಚ್ಚಿದೆ. "ಅಕ್ಕಾ, ನೀವು ಇರೂತನಕ ಅದು ನಿಮ್ಮ ಮನಿ. ಮೊದಲ ತಿಳಿಸಬೇಕು, ಬದಲಿ ವ್ಯವಸ್ಥಾ ಮಾಡಬೇಕು, ಆಮ್ಯಾಲ ಒಡೀಬೇಕು. ನೀ ಒಂದ ಮಾತು ಅನ್ನು, ನಮ್ಮ ಒಪ್ಪಿಗಿ ಇಲ್ಲ ಅಂತ" ಎಂದ. ರೊಟ್ಟಿ ಬಡಿಯುತ್ತ ಆ ಮಾತನ್ನು ಮಂತ್ರದಂತೆ ಬಾಯಿಪಾಠ ಮಾಡಿದೆ.

ಮರುದಿನ ಮಾಲಕರ ಹಿಂದೆ ಗಾರೆ ಕೆಲಸದ ಗೌಂಡಿ ಬಂದ. ಹಾರೆ, ಸುತ್ತಿಗೆಗಳನ್ನು ಬಚ್ಚಲ ಮುಂದಿಟ್ಟು, "ಅವ್ವಾರ, ಕೆಲಸಕ್ಕ ಕೈ ಹಚ್ಚೂ ಮೊದಲ ಮುತ್ತೈದಿ ಕೈಲೆ ಹತ್ಯಾರದ ಪೂಜಾ ಆಗಬೇಕ್ರಿ. ಈಟು ಕುಂಕುಮಾ ಹಚ್ಚತೀರೇನ್ರಿ?" ಎಂದು ಕೈಮುಗಿದ. ಅನ್ನ ಕೊಡುವ ಹತ್ಯಾರ, ಮೇಲಾಗಿ ಶುಕ್ರವಾರ. ಕುಂಕುಮ ಕೇಳಿದವರಿಗೆ ಇಲ್ಲ ಎನ್ನಲು ನನ್ನ ನಾಲಿಗೆ ಕಲಿತಿಲ್ಲ. ವಿಭೂತಿ ಬಳಿದೆ, ಕುಂಕುಮ ಹಚ್ಚಿದೆ, ದೀಪ ಇಟ್ಟೆ, ಕಾಯಿ ಒಡೆದೆ. ಸಾಲದ್ದಕ್ಕೆ, "ಹಿಡದ ಕೆಲಸಾ ಸುಸೂತ್ರ ಆಗಲೆಪಾ ಶಿವನ" ಎಂದು ಬೇಡಿಕೊಂಡೂ ಬಿಟ್ಟೆ.

"ನೀ ಯಾರ ಕಡೆದಾಕಿವಾ?" ಎಂದು ಅತ್ತೆಯವರು ಒಳಗಿನಿಂದ ಕೂಗಿದಾಗಲೇ ನನಗೆ ತಮ್ಮನ ಮಂತ್ರ ನೆನಪಾದದ್ದು. ಕಾಯಿ ಒಡೆದ ಕೈಯಿಂದಲೇ ಒಪ್ಪಿಗೆ ಇಲ್ಲ ಎನ್ನುವುದು ಹೇಗೆ? ಮಾಲಕರ ಮುಖ ಅರಳಿತ್ತು. ಗೌಂಡಿ ಹಾರೆಗೆ ಕೈ ಹಾಕಿದ. ನನ್ನ ಬಾಯಿಗೆ ಬಂದದ್ದು ಬೇರೆಯೇ: "ತಡಿಯಪಾ! ದೀಪ ಉರಿಯೂತನಕ ಪೂಜಾದ ಹತ್ಯಾರ ಎತ್ತಬಾರದು."

"ಖರೆ ಐತ್ರಿ" ಎಂದು ಗೌಂಡಿ ಕೂತೇಬಿಟ್ಟ.

ದೀಪ ಕುಂದಿದಾಗಲೆಲ್ಲ ಎಣ್ಣೆ ಹಾಕಿದೆ. ಅದು ಭಕ್ತಿಯೋ ಹಟವೋ, ಪುಣ್ಯವೋ ಪಾಪವೋ, ಹಾಕಿದವಳಿಗೇ ತಿಳಿಯಲಿಲ್ಲ. ಗೌಂಡಿಯ ಚಹಾ-ಚುರುಮುರಿ ಆಯಿತು, ರೊಟ್ಟಿ ಊಟ ಆಯಿತು, ಗೋಡೆಗೊರಗಿ ಸಣ್ಣ ನಿದ್ದೆಯೂ ಆಯಿತು. ಇಳಿಹೊತ್ತಿಗೆ ಮಾಲಕರು, "ಏನ್ ಮಾಡೂಣ್ರಿ ಅಕ್ಕಾರ ಈಗ?" ಎಂದರು.

"ಎದುರಿನ ಮನಿ ಕೀಲಿ ಕೊಡ್ರಿ. ನಮ್ಮ ಅತ್ತಿ ಅಲ್ಲಿನ ಬಚ್ಚಲಾ ಬಳಸಲಿ, ಇಲ್ಲಿದು ಒಡೀರಿ."

ಕೀಲಿ ಕೈಗೆ ಬಂತು, ಕೆಲಸ ಸೋಮವಾರಕ್ಕೆ ಹೋಯಿತು. ಅತ್ತೆಯವರು ನನ್ನ ತಲೆ ಸವರಿದರು. ಅಷ್ಟೇ ಸಾಕು ತಂದೆ ಎಂದುಕೊಂಡೆ. ಹೋಗುವಾಗ ಮಾಲಕರು, "ಸೋಮವಾರದ ಪೂಜಾನೂ ನಿಮ್ಮ ಕೈಲೇನ ಆಗಲಿ. ಎಣ್ಣಿ ಮಾತ್ರ ನಾ ಹಾಕ್ತೇನಿ" ಎಂದರು.

ಈಗಲಾದರೂ ತಮ್ಮ ಕಲಿಸಿದ ಆ ಒಂದು ಮಾತು ಅನ್ನಬೇಕೆಂದು ಬಾಯಿ ತೆರೆದೆ. "ಬರೂ ಮುಂದ ಹೂವು ತರೂದು ಮರೀಬ್ಯಾಡ್ರಿ" ಎಂದೆ.